ಪ್ರಧಾನದೂತರು: ಕ್ರೈಸ್ತ ಧರ್ಮಗ್ರಂಥದಲ್ಲಿ ಹೆಸರು, ಸ್ಥಾನ ಮತ್ತು ಕಾರ್ಯ

ಕ್ರೈಸ್ತ ದೇವಾಲಯಗಳ ಚಿತ್ರಗಳಲ್ಲಿ, ಪ್ರಾರ್ಥನೆಗಳಲ್ಲಿ, ಹಬ್ಬಗಳ ಪಟ್ಟಿಯಲ್ಲಿ ಪ್ರಧಾನದೂತರಿಗೆ ದೊರೆತಿರುವ ಸ್ಥಾನ ದೊಡ್ಡದು. ಆದರೆ ಹೊಸ ಒಡಂಬಡಿಕೆಯಲ್ಲಿ ಈ ಅರ್ಥವನ್ನು ಕೊಡುವ 'ಆರ್ಖಾಂಗೆಲೊಸ್' ಎಂಬ ಗ್ರೀಕ್ ಪದ ಬರುವುದು ಕೇವಲ ಎರಡು ಕಡೆ: ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರದಲ್ಲಿ (೪:೧೬) ಮತ್ತು ಯೂದನ ಪತ್ರದಲ್ಲಿ (ವಚನ ೯). ಮೊದಲನೆಯ ಕಡೆ ದೂತನಿಗೆ ಹೆಸರಿಲ್ಲ. ಎರಡನೆಯ ಕಡೆ ಮಿಕಾಯೇಲನ ಹೆಸರಿದೆ. ಗಬ್ರಿಯೇಲನನ್ನು ಹೊಸ ಒಡಂಬಡಿಕೆ ಎಲ್ಲಿಯೂ ಈ ಪದದಿಂದ ಕರೆದಿಲ್ಲ. ಇಷ್ಟು ಅಲ್ಪವಾದ ಆಧಾರದಿಂದ ಅಷ್ಟು ವಿಸ್ತಾರವಾದ ಪರಂಪರೆ ಹೇಗೆ ಬೆಳೆಯಿತು, ಮೂಲಪಾಠಗಳ ಆಶಯ ಅದರಲ್ಲಿ ಎಷ್ಟರಮಟ್ಟಿಗೆ ಉಳಿಯಿತು ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಹೀಬ್ರೂವಿನ 'ಮಲಾಖ್', ಗ್ರೀಕಿನ 'ಆಂಗೆಲೊಸ್' ಎರಡಕ್ಕೂ ಮೂಲಾರ್ಥ ಸಂದೇಶ ತರುವವನು ಎಂದು. ಈ ಪದ ಸ್ವಭಾವವನ್ನಲ್ಲ, ಕಾರ್ಯವನ್ನು ಸೂಚಿಸುತ್ತದೆಂದು ಸಂತ ಅಗಸ್ಟೀನನು ವಿವರಿಸಿದ್ದಾನೆ. ಹೀಬ್ರೂ ಧರ್ಮಗ್ರಂಥದಲ್ಲಿ ದೂತರಿಗೆ ವೈಯಕ್ತಿಕ ಹೆಸರುಗಳು ಕಾಣುವುದು ದಾನಿಯೇಲನ ಗ್ರಂಥದಲ್ಲಿ ಮಾತ್ರ. ಅಲ್ಲಿ ಮಿಕಾಯೇಲನಿಗೆ ಸಲ್ಲುವ ಬಿರುದು 'ಸರ್', ಅಂದರೆ ಅಧಿಪತಿ (೧೦:೧೩, ೨೧, ೧೨:೧). ಪರ್ಷಿಯಕ್ಕೂ ಗ್ರೀಸಿಗೂ ಒಬ್ಬೊಬ್ಬ ದಿವ್ಯ ಅಧಿಪತಿಯಿರುವಂತೆ ಇಸ್ರಾಯೇಲಿಗೆ ಮಿಕಾಯೇಲನಿದ್ದಾನೆಂಬುದು ಅಲ್ಲಿನ ಕಲ್ಪನೆ. ಈ ಗ್ರಂಥದ ಉತ್ತರಭಾಗ ಇಂದಿನ ರೂಪ ಪಡೆದದ್ದು ನಾಲ್ಕನೆಯ ಆಂಟಿಯೋಕಸನು ಯೆರೂಸಲೇಮಿನ ದೇವಾಲಯವನ್ನು ಅಪವಿತ್ರಗೊಳಿಸಿದ ಕಾಲದಲ್ಲಿ, ಕ್ರಿ.ಪೂ. ೧೬೭ರ ಆಸುಪಾಸಿನಲ್ಲಿ, ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ರಾಜ್ಯವನ್ನು ಕಳೆದುಕೊಂಡ ಜನಾಂಗಕ್ಕೆ ಪರಲೋಕದಲ್ಲಿ ಒಬ್ಬ ರಕ್ಷಕನಿದ್ದಾನೆಂಬ ಭರವಸೆ ಈ ಹೆಸರಿನ ಹಿಂದಿದೆ. ಗಬ್ರಿಯೇಲನ ಕಾರ್ಯ ಬೇರೆ. ಅವನು ದಾನಿಯೇಲನಿಗೆ ದರ್ಶನದ ಅರ್ಥವನ್ನು ಬಿಡಿಸಿ ಹೇಳುತ್ತಾನೆ. ಲೂಕನ ಸುವಾರ್ತೆಯಲ್ಲಿ ಜಕರೀಯನಿಗೂ ಮರಿಯಳಿಗೂ ಜನನವಾರ್ತೆಯನ್ನು ತರುತ್ತಾನೆ.

ದೂತರಿಗೆ ಸಂಖ್ಯೆಯೂ ಹೆಸರುಗಳ ಪಟ್ಟಿಯೂ ಒದಗಿದ್ದು ಮುಖ್ಯವಾಗಿ ಎರಡನೆಯ ದೇವಾಲಯದ ಕಾಲದ ಯೆಹೂದಿ ಸಾಹಿತ್ಯದಿಂದ. ತೋಬಿತನ ಗ್ರಂಥದಲ್ಲಿ (೧೨:೧೫) ರಫಾಯೇಲನು ತಾನು ದೇವರ ಸಾನ್ನಿಧ್ಯದಲ್ಲಿರುವ ಏಳು ದೂತರಲ್ಲಿ ಒಬ್ಬನೆಂದು ಪರಿಚಯಿಸಿಕೊಳ್ಳುತ್ತಾನೆ. ಹನೋಕನ ಮೊದಲನೆಯ ಗ್ರಂಥದ ೨೦ನೆಯ ಅಧ್ಯಾಯ ಊರಿಯೇಲ, ರಗುಯೇಲ ಮೊದಲಾದವರನ್ನು ಹೆಸರಿಸಿ ಒಬ್ಬೊಬ್ಬರಿಗೂ ಒಂದೊಂದು ಹೊಣೆಯನ್ನು ಹಂಚುತ್ತದೆ. ಕುಮ್ರಾನಿನ ಯುದ್ಧಸುರುಳಿಯಲ್ಲಿ ಮಿಕಾಯೇಲ, ಗಬ್ರಿಯೇಲ, ಸರಿಯೇಲ, ರಫಾಯೇಲ ಎಂಬ ನಾಲ್ಕು ಹೆಸರುಗಳನ್ನು ಗುರಾಣಿಗಳ ಮೇಲೆ ಬರೆಯಬೇಕೆಂಬ ವಿಧಿಯಿದೆ. ಹೆಸರುಗಳು ಬಾಬಿಲೋನಿನಿಂದ ಬಂದವೆಂದು ಯೆರೂಸಲೇಮಿನ ತಾಲ್ಮೂದ್ ದಾಖಲಿಸುತ್ತದೆ. ಪಟ್ಟಿಗಳು ಒಂದಕ್ಕೊಂದು ಪೂರ್ಣವಾಗಿ ಹೊಂದುವುದಿಲ್ಲ. ನಾಲ್ಕನೆಯವನು ಒಂದೆಡೆ ಊರಿಯೇಲ, ಇನ್ನೊಂದೆಡೆ ಸರಿಯೇಲ.

ಹೀಗಾಗಿ ಪ್ರಧಾನದೂತರು ಎಷ್ಟು ಮಂದಿ ಎಂಬ ಪ್ರಶ್ನೆಯು ಯಾವ ಗ್ರಂಥಗಳು ಪ್ರಮಾಣ ಎಂಬ ಪ್ರಶ್ನೆಯಿಂದ ಬೇರೆಯಲ್ಲ. ತೋಬಿತನನ್ನು ಪ್ರಮಾಣಗ್ರಂಥವೆಂದು ಎಣಿಸದ ಪ್ರಾಟೆಸ್ಟೆಂಟ್ ಸಭೆಗಳ ಬೈಬಲಿನಲ್ಲಿ ರಫಾಯೇಲನಿಲ್ಲ. ಕಥೋಲಿಕ ಮತ್ತು ಆರ್ಥೊಡಾಕ್ಸ್ ಸಭೆಗಳಿಗೆ ಅವನು ಧರ್ಮಗ್ರಂಥದ ಪಾತ್ರ. ಹನೋಕನ ಗ್ರಂಥವನ್ನೂ ಅಂಗೀಕರಿಸಿದ ಇಥಿಯೋಪಿಯದ ಸಭೆಯಲ್ಲಿ ಊರಿಯೇಲನಿಗೂ ಗೌರವವಿದೆ. ಪಶ್ಚಿಮದ ಸಭೆ ಈ ವಿಷಯದಲ್ಲಿ ಕಟ್ಟುನಿಟ್ಟಾಗಿ ನಡೆದುಕೊಂಡಿತು. ಅಲ್ಡೆಬರ್ಟನೆಂಬ ಬೋಧಕನ ಪ್ರಾರ್ಥನೆಯಲ್ಲಿ ಊರಿಯೇಲನೇ ಮೊದಲಾಗಿ ಅಪರಿಚಿತ ದೂತರ ಹೆಸರುಗಳಿದ್ದುದನ್ನು ಪೋಪ್ ಜಕರೀಯನ ಅಧ್ಯಕ್ಷತೆಯಲ್ಲಿ ೭೪೫ರಲ್ಲಿ ಕೂಡಿದ ರೋಮಿನ ಧರ್ಮಸಭೆ ಖಂಡಿಸಿತು. ಮಿಕಾಯೇಲ, ಗಬ್ರಿಯೇಲ, ರಫಾಯೇಲ ಎಂಬ ಮೂರು ಹೆಸರುಗಳನ್ನು ಮಾತ್ರ ಒಪ್ಪಿತು. ಜನಪ್ರಿಯ ಭಕ್ತಿಯನ್ನು ಕುರಿತು ವ್ಯಾಟಿಕನ್ ೨೦೦೧ರಲ್ಲಿ ಹೊರಡಿಸಿದ ನಿರ್ದೇಶಿಕೆಯೂ ಈ ನಿಲುವನ್ನೇ ಉಳಿಸಿಕೊಂಡಿದೆ.

ಈ ಎಚ್ಚರಿಕೆಗೆ ಧರ್ಮಗ್ರಂಥದಲ್ಲಿಯೇ ಕಾರಣವಿದೆ. ಕೊಲೊಸ್ಸೆಯವರಿಗೆ ಬರೆದ ಪತ್ರ (೨:೧೮) ದೂತಪೂಜೆಯನ್ನು ಆಕ್ಷೇಪಿಸುತ್ತದೆ. ಪ್ರಕಟನೆ ಗ್ರಂಥದಲ್ಲಿ (೧೯:೧೦, ೨೨:೮-೯) ಕಾಲಿಗೆ ಬೀಳಲು ಬಂದ ಯೋಹಾನನನ್ನು ದೂತನೇ ತಡೆದು, ತಾನೂ ಜೊತೆಯ ಸೇವಕನೆನ್ನುತ್ತಾನೆ. ನಾಲ್ಕನೆಯ ಶತಮಾನದ ಲವೊದಿಕೀಯದ ಧರ್ಮಸಭೆಯ ೩೫ನೆಯ ನಿಯಮವೂ ದೂತರ ಹೆಸರು ಕರೆದು ನಡೆಸುವ ಗುಪ್ತಪೂಜೆಯನ್ನು ನಿಷೇಧಿಸಿದೆ.

ಸ್ಥಾನನಿರ್ಣಯದಲ್ಲಿಯೂ ತೊಡಕುಗಳಿವೆ. ಕ್ರಿ.ಶ. ೫೦೦ರ ಸುಮಾರಿಗೆ ಡಯೊನೀಸಿಯಸನ ಹೆಸರಿನಲ್ಲಿ ರಚಿತವಾದ 'ಸ್ವರ್ಗೀಯ ಶ್ರೇಣಿ' ಎಂಬ ಕೃತಿ ದೂತರನ್ನು ಒಂಬತ್ತು ಗಣಗಳಾಗಿ ವಿಂಗಡಿಸಿ, ಪ್ರಧಾನದೂತರನ್ನು ಕೆಳಗಿನಿಂದ ಎರಡನೆಯ ಮೆಟ್ಟಿಲಿನಲ್ಲಿ ಇರಿಸಿತು. ಪ್ರಕಟನೆ ಗ್ರಂಥದಲ್ಲಿ (೧೨:೭) ಸೇನೆಯನ್ನು ನಡೆಸುವ ಮಿಕಾಯೇಲನ ಚಿತ್ರಕ್ಕೆ ಇದು ಸುಲಭವಾಗಿ ಹೊಂದುವುದಿಲ್ಲ. ಇನ್ನೊಂದು ಕೊನೆಯಲ್ಲಿ, ಮಿಕಾಯೇಲನು ಕ್ರಿಸ್ತನೇ ಎಂಬ ವ್ಯಾಖ್ಯಾನವೂ ಇದೆ. ಯೆಹೋವನ ಸಾಕ್ಷಿಗಳು ಹಾಗೆ ಬೋಧಿಸುತ್ತಾರೆ. ಸೆವೆಂತ್ ಡೇ ಅಡ್ವೆಂಟಿಸ್ಟರು ಕ್ರಿಸ್ತನ ಪೂರ್ಣ ದೈವತ್ವವನ್ನು ಒಪ್ಪಿಯೇ ಅದು ಅವನ ಬಿರುದೆನ್ನುತ್ತಾರೆ. ಆದರೆ ಥೆಸಲೋನಿಕದ ಪತ್ರದಲ್ಲಿ ಕರ್ತನು ಇಳಿದುಬರುವಾಗ ಪ್ರಧಾನದೂತನ ಧ್ವನಿ ಜೊತೆಗೂಡುತ್ತದೆ ಎಂದಷ್ಟೇ ಇದೆ. ಇಬ್ಬರೂ ಒಬ್ಬನೇ ಎಂಬ ಮಾತಿಗೆ ಆ ವಾಕ್ಯವೊಂದೇ ಸಾಲದು.

ಯೂದನ ಪತ್ರದ ವಚನ ಇಲ್ಲಿ ನಿರ್ಣಾಯಕವೆನ್ನಬಹುದು. ಮೋಶೆಯ ಶವದ ವಿಷಯದಲ್ಲಿ ಸೈತಾನನೊಡನೆ ವಾಗ್ವಾದ ನಡೆದಾಗ ಮಿಕಾಯೇಲನು ತಾನೇ ತೀರ್ಪು ನುಡಿಯಲು ಧೈರ್ಯಗೊಳ್ಳದೆ ಗದರಿಕೆಯನ್ನು ಕರ್ತನಿಗೆ ಬಿಡುತ್ತಾನೆ. ಈ ಪ್ರಸಂಗ ಮೋಶೆಯನ್ನು ಕುರಿತ ಒಂದು ಬಾಹ್ಯಗ್ರಂಥದಿಂದ ಬಂದುದೆಂದು ಓರಿಗನ್ ತಿಳಿಸಿದ್ದಾನೆ. ಆದರೆ ಯೂದನು ಅದನ್ನು ಬಳಸಿರುವುದು ದೂತನ ಹಿರಿಮೆಯನ್ನು ಹಾಡುವುದಕ್ಕಲ್ಲ. ಮಹಾಪದವಿಯವರನ್ನು ಹಗುರವಾಗಿ ದೂಷಿಸುವ ದುರ್ಬೋಧಕರನ್ನು ಎಚ್ಚರಿಸುವುದಕ್ಕೆ. ಹೊಸ ಒಡಂಬಡಿಕೆ ಪ್ರಧಾನದೂತನೆಂದು ಹೆಸರಿಸಿ ಕರೆದ ಏಕೈಕ ವ್ಯಕ್ತಿ ತನ್ನ ಅಧಿಕಾರದ ಮೇರೆಯನ್ನು ಮೀರದವನಾಗಿ ಕಾಣಿಸಿಕೊಂಡಿದ್ದಾನೆ. ಪರಂಪರೆಗಳು ಹೆಸರನ್ನೂ ಸಂಖ್ಯೆಯನ್ನೂ ಶ್ರೇಣಿಯನ್ನೂ ಅರಸಿದವು. ಮೂಲಪಾಠವು ಗುರುತಿಸಿದ್ದು ಅವನು ಹೊತ್ತ ಕಾರ್ಯವನ್ನು ಮತ್ತು ಆ ಕಾರ್ಯಕ್ಕಿರುವ ಮಿತಿಯನ್ನು.