ಹಂಚಿನ ಕಾರ್ಖಾನೆಯ ಲೆಕ್ಕ, ಸಿನಿಮಾ ಸ್ಟುಡಿಯೊದ ಲೆಕ್ಕ

1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ನೇತ್ರಾವತಿ ದಂಡೆಯ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ. ಮಿಷನ್ನಿಗೆ ಆಗ ಹಂಚಿಗಿಂತ ಮುಖ್ಯವಾಗಿದ್ದದ್ದು ಕೂಲಿ. ಕ್ರೈಸ್ತ ಮತಕ್ಕೆ ಸೇರಿ ಕುಲಕಸುಬನ್ನೂ ಗೇಣಿಯ ಗದ್ದೆಯನ್ನೂ ಕಳೆದುಕೊಂಡವರಿಗೆ ದುಡಿಮೆ ಒದಗಿಸಬೇಕಿತ್ತು. ಹಂಚಿಗೆ ಬೇಕಾದ ಮಣ್ಣು ಹೊಳೆಬದಿಯಲ್ಲಿತ್ತು, ಸೌದೆ ಘಟ್ಟದ ಕಡೆಯಿಂದ ಬರುತ್ತಿತ್ತು, ಸುಟ್ಟ ಹಂಚನ್ನು ದೋಣಿಗೇರಿಸಿದರೆ ಬಂದರು ಅಲ್ಲೇ ಕೆಳಗಿತ್ತು. ಮಿಷನ್ನಿನ ಕಾರ್ಖಾನೆಗಳು ಮಲ್ಪೆಯಿಂದ ಪಾಲಕ್ಕಾಡಿನವರೆಗೆ ಏಳಕ್ಕೇರಿದವು. ಅದನ್ನು ನೋಡಿ ಸ್ಥಳೀಯ ಉದ್ಯಮಿಗಳೂ ನದಿಬದಿಯಲ್ಲಿ ಚಿಮಣಿ ಎಬ್ಬಿಸಿದರು. ಹಳೆಯ ಮನೆಯ ಮಾಡಿನಿಂದ ಒಂದು ಹಂಚು ಇಳಿಸಿ ಮಗುಚಿದರೆ ಬೆನ್ನಿನ ಮೇಲೆ ಕಾರ್ಖಾನೆಯ ಹೆಸರು, ಊರಿನ ಹೆಸರು, ಕೆಲವದರಲ್ಲಿ ಇಸವಿಯೂ ಉಬ್ಬಕ್ಷರದಲ್ಲಿ ಕಾಣುತ್ತವೆ. ಊರಿನ ಹೆಸರನ್ನೇ ಸರಕಿನ ಗುರುತಾಗಿ ದೂರದ ದೇಶಗಳಿಗೆ ಒಯ್ದ ಉದ್ಯಮ ಮಂಗಳೂರಿನಲ್ಲಿ ಇನ್ನೊಂದಿಲ್ಲ.

ಆ ಉದ್ಯಮ ಕುಗ್ಗಿದ ಬಗೆಯನ್ನೂ ನೋಡಬೇಕು. ಕಾಂಕ್ರೀಟಿನ ತಾರಸಿ ಬಂದದ್ದು ಒಂದು ಕಾರಣ; ಆದರೆ ಪೂರ್ತಿ ಕಾರಣ ಅದಲ್ಲ. ಹಂಚಿಗೆ ಹೊಂದುವ ಜೇಡಿಮಣ್ಣು ಸಿಗುವುದು ಗದ್ದೆಯಡಿಯಲ್ಲಿ. ಒಮ್ಮೆ ಆಳಕ್ಕೆ ಅಗೆದ ಗದ್ದೆ ಹೊಂಡವಾಗುತ್ತದೆ, ಮತ್ತೆ ಗದ್ದೆಯಾಗುವುದಿಲ್ಲ. ಆವೆಯ ಬಾಯಿಗೆ ಬೇಕಾದ ಸೌದೆಯೂ ದುಬಾರಿಯಾಗುತ್ತ ಹೋಯಿತು. ಮಣ್ಣು ತೆಗೆಯಲು ನಿರ್ಬಂಧ ಬಂದಾಗ ಕಾರ್ಖಾನೆಗಳಿಗೆ ಬೇರೆ ದಾರಿ ಉಳಿದಿರಲಿಲ್ಲ. ಕೂಲಿ ಕೊಟ್ಟ ಉದ್ಯಮವೇ ತನ್ನ ಕಾಲಕೆಳಗಿನ ನೆಲವನ್ನು ತಿಂದದ್ದು ಹೀಗೆ. ಮಂಗಳೂರಿಗೆ ಸ್ಟುಡಿಯೊ ಬೇಕು, ಸಾಧ್ಯವಾದರೆ ಫಿಲ್ಮ್ ಸಿಟಿಯೇ ಬೇಕು ಎಂಬ ಬೇಡಿಕೆಯನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡುವುದು ನ್ಯಾಯ. ಸ್ಟುಡಿಯೊ ಬೇಕೆಂಬುದರಲ್ಲಿ ತಕರಾರಿಲ್ಲ. ಆದರೆ ಅದಕ್ಕೆ ಹೊಸ ಗುಡ್ಡ ಕಡಿಯುವ, ಹೊಸ ಗದ್ದೆ ತುಂಬಿಸುವ ಅಗತ್ಯವಿಲ್ಲ. ಹಳೆಯ ಉದ್ಯಮ ಬಿಟ್ಟುಹೋದ ಶೆಡ್ಡು, ಗೋದಾಮುಗಳಲ್ಲೇ ಅದು ನಡೆಯಬೇಕು ಎಂಬುದು ಈ ಲೇಖನದ ವಾದ.

ಕರಾವಳಿಯ ಸಿನಿಮಾ ಬೆಳೆದ ರೀತಿಯೇ ಇದಕ್ಕೆ ಮೊದಲ ಸಾಕ್ಷಿ. ಕನ್ನಡ ಸಿನಿಮಾ ಪರವೂರಿನ ಸ್ಟುಡಿಯೊಗಳ ಮಡಿಲಲ್ಲಿ ಹುಟ್ಟಿತು. 1934ರ ‘ಸತಿ ಸುಲೋಚನ’ ತಯಾರಾದದ್ದು ಕೊಲ್ಹಾಪುರದಲ್ಲಿ. ಆಮೇಲೆ ಬಹುಕಾಲ ಮದರಾಸೇ ಗತಿಯಾಗಿತ್ತು. ಮೈಸೂರಿನ ಪ್ರೀಮಿಯರ್, ಬೆಂಗಳೂರಿನ ಕಂಠೀರವ ಬಂದ ಮೇಲೂ ಆ ಅವಲಂಬನೆ ಕಳಚಲು ವರ್ಷಗಳು ಹಿಡಿದವು. 1971ರ ‘ಎನ್ನ ತಂಗಡಿ’ಯಿಂದ ಶುರುವಾದ ತುಳು ಸಿನಿಮಾಕ್ಕೆ ತವರಿನಲ್ಲಿ ಅಂಥ ಆಸರೆಯೂ ಇರಲಿಲ್ಲ. ಹೆಚ್ಚಿನ ವರ್ಷಗಳಲ್ಲಿ ಒಂದೋ ಎರಡೋ ಚಿತ್ರ, ಕೆಲವು ವರ್ಷ ಅದೂ ಇಲ್ಲ. ಅದನ್ನು ಹಿಡಿದು ನಿಲ್ಲಿಸಿದ್ದು ನಾಟಕ. ಕೆ.ಎನ್. ಟೇಲರ್ ಅವರಂಥ ರಂಗಕರ್ಮಿಗಳು ಆರಂಭದಲ್ಲೇ ತೆರೆಗೆ ಬಂದರು. ನಲವತ್ತು ವರ್ಷಗಳ ನಂತರ, 2011ರಲ್ಲಿ, ಮಾರುಕಟ್ಟೆಯನ್ನು ಮತ್ತೆ ತೆರೆದ ‘ಒರಿಯರ್ದೊರಿ ಅಸಲ್’ ಕೂಡ ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ ಜನಪ್ರಿಯ ನಾಟಕವೇ. 2014ರ ‘ಚಾಲಿಪೋಲಿಲು’ 500 ದಿನ ದಾಟಿ ಓಡಿತು. ಬ್ಯಾರಿ ಭಾಷೆಯ ‘ಬ್ಯಾರಿ’ 2011ರ ಸಾಲಿನ ಅತ್ಯುತ್ತಮ ಕಥಾಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಮರಾಠಿಯ ‘ದೇವೂಳ್’ ಜತೆ ಹಂಚಿಕೊಂಡಿತು. ಮ್ಯಾಕ್‌ಬೆತ್ ಕಥೆಯನ್ನು ಮೀನುಗಾರರ ನಡುವೆ ತಂದ ಅಭಯಸಿಂಹರ ‘ಪಡ್ಡಾಯಿ’ಗೂ ರಾಷ್ಟ್ರಪ್ರಶಸ್ತಿ ಬಂತು. ಇವಾವುದೂ ಫಿಲ್ಮ್ ಸಿಟಿಯ ಕೂಸಲ್ಲ. ತರವಾಡು ಮನೆ, ದಕ್ಕೆ, ಅಡಿಕೆ ತೋಟ, ಪೇಟೆಯ ಬೀದಿ ಇವೇ ಇಲ್ಲಿನ ಸೆಟ್ಟು.

ಹಾಗಾದರೆ ಸ್ಟುಡಿಯೊ ಯಾಕೆ, ಇದ್ದ ಹಾಗೇ ನಡೆಯಲಿ ಎನ್ನಬಹುದು. ನಡೆಯುವುದಿಲ್ಲ, ಏಕೆಂದರೆ ಹೊರಗಿನ ಚಿತ್ರೀಕರಣಕ್ಕೂ ಪರಿಸರದ ಬೆಲೆಯುಂಟು. ಬ್ರಿಟನ್ನಿನ ಚಿತ್ರೋದ್ಯಮದ ಬಗ್ಗೆ 2020ರಲ್ಲಿ ಬಂದ ‘ಸ್ಕ್ರೀನ್ ನ್ಯೂ ಡೀಲ್’ ವರದಿ, ದೊಡ್ಡ ಬಜೆಟ್ಟಿನ ಒಂದು ಚಿತ್ರದಿಂದ ಸರಾಸರಿ 2,840 ಟನ್ ಇಂಗಾಲದ ಹೊರಸೂಸುವಿಕೆ ಆಗುತ್ತದೆ, ಅದರಲ್ಲಿ ಅರ್ಧದಷ್ಟು ಬರೀ ಸಾಗಾಟದ್ದು ಎನ್ನುತ್ತದೆ. ನಮ್ಮ ಚಿತ್ರಗಳ ಗಾತ್ರ ಅದರ ಮುಂದೆ ಏನೂ ಅಲ್ಲ. ಆದರೂ ಕ್ಯಾಮೆರಾ, ಲೈಟು, ಜನರೇಟರು, ತಂತ್ರಜ್ಞರು ಶಿರಾಡಿ ಘಾಟಿ ಇಳಿದು ಬಂದು, ಮತ್ತೆ ಹತ್ತಿ ಹೋಗುವ ಖರ್ಚೇನು ಎಂದು ನಿರ್ಮಾಪಕರಿಗೆ ಚೆನ್ನಾಗಿ ಗೊತ್ತು. ಕಾಡಿನ ವಿಚಾರವೂ ಇದೆ: 2025ರ ಜನವರಿಯಲ್ಲಿ ಹಾಸನ ಜಿಲ್ಲೆಯ ಗವಿಗುಡ್ಡದಲ್ಲಿ ಚಿತ್ರೀಕರಣದಿಂದ ಅರಣ್ಯಕ್ಕೆ ಹಾನಿಯಾಗಿದೆ ಎಂಬ ದೂರು ಎದ್ದು, ಅರಣ್ಯ ಸಚಿವರೇ ವರದಿ ಕೇಳಬೇಕಾಯಿತು. ಮತ್ತೊಂದು ತುದಿಯಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟವಿದೆ. ಅಲ್ಲಿನ ಹುಲ್ಲುಗಾವಲನ್ನು ಖಾಲಿ ಜಾಗವೆಂದು ಬಗೆದು ಫಿಲ್ಮ್ ಸಿಟಿಗೆ ಹೊರಟ ಯೋಜನೆಗೆ ಪರಿಸರಾಸಕ್ತರು ಅಡ್ಡ ನಿಂತರು. 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ 5,000 ಎಕರೆಗೂ ಮೀರಿದ ಆ ಪ್ರದೇಶವನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿತು. ಸರ್ಕಾರದ ಕಣ್ಣಿಗೆ ಖಾಲಿ ಕಂಡ ನೆಲ ಹಕ್ಕಿಗಳಿಗೆ ಖಾಲಿಯಾಗಿರಲಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಮಳೆಯದು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಸುರಿಯುವ ಊರಿನಲ್ಲಿ ನಾಲ್ಕು ತಿಂಗಳು ಹೊರಗೆ ಕೆಲಸ ನಿಂತುಹೋಗುತ್ತದೆ. ಯಕ್ಷಗಾನದ ಮೇಳಗಳು ಇದನ್ನು ಎಂದೋ ಒಪ್ಪಿಕೊಂಡಿವೆ: ದೀಪಾವಳಿಯ ಆಚೀಚೆ ಹೊರಟು, ಮಳೆಗಾಲಕ್ಕೆ ಮುನ್ನ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ, ಅದೇ ಕಿರೀಟ, ಅದೇ ಪೆಟ್ಟಿಗೆ ಮರುವರ್ಷಕ್ಕೆ. ಸಿನಿಮಾದ ಸಾಲಕ್ಕೆ ಪತ್ತನಾಜೆ ಇಲ್ಲ, ಬಡ್ಡಿ ಮಳೆಗಾಲದಲ್ಲೂ ಓಡುತ್ತದೆ. ಆದ್ದರಿಂದ ಸೂರು ಬೇಕೇ ಬೇಕು. ಹಂಚಿನ ಕಾರ್ಖಾನೆಯ ಶೆಡ್ಡು ಸೂರಾಗುವುದೇನೋ ನಿಜ. ಎತ್ತರದ ಮಾಡು, ಹಸಿ ಹಂಚು ಒಣಗಿಸಲು ಗಾಳಿಯಾಡುವಂತೆ ಕಟ್ಟಿದ ಅಟ್ಟಗಳು, ಲಾರಿ ಬರುವಷ್ಟು ಅಂಗಳ. ತೊಡಕುಗಳೂ ಅಷ್ಟೇ ನಿಜ. ಸಾಲುಸಾಲು ಮರದ ಕಂಬಗಳು ಕ್ಯಾಮೆರಾಕ್ಕೆ ಅಡ್ಡ. ಆಷಾಢದ ಮಳೆ ಹಂಚಿನ ಮೇಲೆ ಬಿದ್ದರೆ ನಟರ ಮಾತು ಧ್ವನಿಗ್ರಾಹಕನಿಗೆ ಕೇಳಿಸದು. ಶೆಡ್ಡಿನೊಳಗೆ ಇನ್ನೊಂದು ಸದ್ದಿಲ್ಲದ ಕೋಣೆ ಕಟ್ಟಬೇಕು. ಇಲ್ಲಿ ಅಗ್ಗದ ದಾರಿ ಹಿಡಿಯಬಾರದೆಂಬುದಕ್ಕೆ ಮೈಸೂರಿನ ಪ್ರೀಮಿಯರ್ ಸ್ಟುಡಿಯೊ ಸಾಕ್ಷಿ. 1989ರ ಫೆಬ್ರವರಿ 8ರಂದು ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣದ ವೇಳೆ ಅಲ್ಲಿ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಸತ್ತರು. ಗೋಡೆಗೆ ಹೊದಿಸಿದ್ದ ಗೋಣಿತಾಟು, ಸಡಿಲ ವೈರಿಂಗು, ಗಾಳಿಗೂ ಜನಕ್ಕೂ ಸಾಲದ ಬಾಗಿಲುಗಳು ಬೆಂಕಿಗೆ ನೆರವಾದವು. ಹಳೆಯ ಕಟ್ಟಡವನ್ನು ಉಳಿಸುವ ಉತ್ಸಾಹದಲ್ಲಿ ಸುರಕ್ಷತೆಯ ಈ ಖರ್ಚನ್ನು ಮರೆಮಾಚಿದರೆ ಪರಿಸರದ ಹೆಸರಿನಲ್ಲಿ ಅಪಾಯವನ್ನು ಮಾರಿದಂತೆ.

ಇಷ್ಟು ಸಣ್ಣದರಿಂದ ಊರಿಗೆ ಎಷ್ಟು ಉದ್ಯೋಗ ಸಿಕ್ಕೀತು ಎಂದು ಕೇಳುವವರು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯನ್ನು ತೋರಿಸುತ್ತಾರೆ. 1,666 ಎಕರೆಯ ಆ ನಗರಿಯ ಹಿಂದೆ ದೊಡ್ಡ ತೆಲುಗು ಮಾರುಕಟ್ಟೆಯಿದೆ, ದಿನವೂ ಟಿಕೆಟ್ ಕೊಂಡು ಒಳಬರುವ ಪ್ರವಾಸಿಗರಿದ್ದಾರೆ. ತುಳು, ಕೊಂಕಣಿ, ಬ್ಯಾರಿ ಸಿನಿಮಾ ಅಷ್ಟನ್ನು ಸಾಕಲಾರವು. ಇಲ್ಲಿಂದ ಹೊರಗೆ ಹರಿಯುವ ದುಡ್ಡನ್ನು ಗಮನಿಸಿದರೆ ಎರಡು ತೂತು ಕಾಣುತ್ತವೆ: ಒಂದು ಸಲಕರಣೆಯ ಬಾಡಿಗೆ, ಇನ್ನೊಂದು ಸಂಕಲನ, ಡಬ್ಬಿಂಗ್, ಮಿಕ್ಸಿಂಗ್. ಇವೆರಡನ್ನೂ ಮುಚ್ಚಲು ಸಾವಿರ ಎಕರೆ ಬೇಡ. ಒಂದು ಶೆಡ್ಡಿನಲ್ಲಿ ಫ್ಲೋರ್, ಮತ್ತೊಂದರಲ್ಲಿ ಧ್ವನಿ ಮತ್ತು ಸಂಕಲನ, ಮೂರನೆಯದರಲ್ಲಿ ಬಾಗಿಲು, ಕಿಟಕಿ, ಮಂಚ, ಪ್ಲೈವುಡ್ ಗೋಡೆಗಳ ಬಾಡಿಗೆ ಉಗ್ರಾಣ. ಒಂದು ಚಿತ್ರಕ್ಕೆ ಕಟ್ಟಿ ಸುಟ್ಟುಬಿಡುವ ಸೆಟ್ಟನ್ನು ನಾಟಕ ತಂಡಗಳು ಪರದೆಗಳನ್ನು ಬಳಸಿದಂತೆ ಹತ್ತು ಸಲ ಬಳಸಿದರೆ ಮರವೂ ಉಳಿಯುತ್ತದೆ, ಬಡಗಿಗೆ ರಿಪೇರಿಯ ಕೆಲಸ ವರ್ಷವಿಡೀ ಇರುತ್ತದೆ. ಮಾಡಿನ ತೆಂಕುಮುಖದಲ್ಲಿ ಸೌರಫಲಕ ಹಾಕಿದರೂ ಮಳೆಗಾಲಕ್ಕೆ ಗ್ರಿಡ್ ಬೇಕು. ಡೀಸೆಲ್ ಜನರೇಟರನ್ನು ತುರ್ತಿಗೆ ಮಾತ್ರ ಇಟ್ಟುಕೊಳ್ಳುವಷ್ಟಾದರೆ ಸದ್ಯಕ್ಕೆ ಸಾಕು.

ಕೊನೆಯ ಅಡ್ಡಿ ಜಾಗದ ಬೆಲೆ, ಅದಕ್ಕೆ ಸುಲಭದ ಉತ್ತರವಿಲ್ಲ. ನದಿಬದಿಯ ಕಾರ್ಖಾನೆಯ ಜಾಗ ಫ್ಲ್ಯಾಟುಗಳಾದರೆ ಮಾಲೀಕರಿಗೆ ಒಂದೇ ಸಲಕ್ಕೆ ಸಿಗುವ ಹಣವನ್ನು ಸ್ಟುಡಿಯೊದ ಬಾಡಿಗೆ ಎಂದೂ ಸರಿಗಟ್ಟದು. ಈಗಾಗಲೇ ಹಲವು ಚಿಮಣಿಗಳು ಹಾಗೆ ಉರುಳಿವೆ. ಮಾಲೀಕರ ದೇಶಾಭಿಮಾನವನ್ನು ನಂಬಿ ಕೂರುವುದು ವ್ಯರ್ಥ. ಪಾಲಿಕೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡಬೇಕು, ಸರ್ಕಾರ ಚಿತ್ರಗಳಿಗೆ ಕೊಡುವ ಸಹಾಯಧನದ ಒಂದು ಪಾಲನ್ನು ಇಂಥ ಶೆಡ್ಡುಗಳ ದೀರ್ಘಾವಧಿ ಲೀಸಿಗೆ ತಿರುಗಿಸಬೇಕು. ಅದಕ್ಕೂ ಮುಂಚೆ ಜೆಪ್ಪು, ಹೊಯ್ಗೆಬಜಾರ್, ಬೋಳೂರಿನ ಕಡೆ ಯಾವ ಶೆಡ್ಡು ಇನ್ನೂ ಭದ್ರವಾಗಿದೆ, ಯಾವುದರ ಪಕ್ಕಾಸು ಗೆದ್ದಲು ತಿಂದಿದೆ ಎಂದು ಎಂಜಿನಿಯರೊಬ್ಬರು ಹತ್ತಿ ನೋಡಿ ಪಟ್ಟಿ ಮಾಡಬೇಕಿದೆ.