ಗ್ರೋಸ್‌ಆಸ್ಪಾಖ್‌ನಿಂದ ಟಲ್ಪಹಾಕನ್‌ಗೆ: ವೈಸರ್ ಮನೆತನದ ಮೂಲಶೋಧ ಮತ್ತು ಊರಲ್ಲಿ ಉಳಿದವರ ಸಾಕ್ಷ್ಯ

ಅಮೆರಿಕಕ್ಕೆ ವಲಸೆ ಹೋದ ಜರ್ಮನ್ ಒಕ್ಕಲು ಮನೆತನಗಳ ವಂಶಾವಳಿ ಬರೆಯುವವರು ಸಾಮಾನ್ಯವಾಗಿ ಮನೆತನದ ಹೆಸರನ್ನು ಹಿಡಿದು ಹಿಂದಕ್ಕೆ ನಡೆಯುತ್ತಾರೆ: ಮಗನಿಂದ ತಂದೆಗೆ, ತಂದೆಯಿಂದ ಅಜ್ಜನಿಗೆ. ಅಟ್ಲಾಂಟಿಕ್ ದಡ ಮುಟ್ಟುವ ಹೊತ್ತಿಗೆ ಈ ದಾರಿ ಹೆಚ್ಚಿನ ಸಲ ಕಡಿದುಹೋಗುತ್ತದೆ. ಇಡೀ ಜರ್ಮನಿಗೆ ಅನ್ವಯಿಸುವ ಸರ್ಕಾರಿ ಜನನ-ಮರಣ ನೋಂದಣಿ ಶುರುವಾದದ್ದು 1876ರಲ್ಲಿ. ರೈನ್ ನದಿಯ ಎಡದಂಡೆಯಂಥ ಕೆಲವು ಸೀಮೆಗಳನ್ನು ಬಿಟ್ಟರೆ ಅದಕ್ಕೂ ಹಿಂದಿನ ಒಕ್ಕಲಿಗನ ಹುಟ್ಟು, ಮದುವೆ, ಸಾವು ದಾಖಲಾಗಿರುವುದು ಅವನ ಊರಿನ ಚರ್ಚ್ ಪುಸ್ತಕದಲ್ಲಿ. ಊರು ಯಾವುದೆಂದು ತಿಳಿಯದೆ ಹೋದರೆ ಪುಸ್ತಕವೂ ಸಿಗದು. ಆ ಊರನ್ನು ಗುರುತಿಸಲು ವಲಸಿಗನ ಸ್ವಂತ ಕಾಗದಗಳಿಗಿಂತ ಅವನ ನೆರೆಯವರ ಮತ್ತು ಹಿಂದೆ ಉಳಿದ ಬಂಧುಗಳ ಕಾಗದಗಳು ಹೆಚ್ಚು ನೆರವಾಗುತ್ತವೆ ಎಂಬುದು ಈ ಲೇಖನದ ವಾದ. ಇದನ್ನು ಪರೀಕ್ಷಿಸಲು 1709ರಲ್ಲಿ ವ್ಯೂರ್ಟೆಂಬರ್ಗ್ ಬಿಟ್ಟು ಹೊರಟ ವೈಸರ್ ಮನೆತನವನ್ನು ಆರಿಸಿಕೊಂಡಿದ್ದೇನೆ.

ಈ ಆಯ್ಕೆಗೆ ಕಾರಣವಿದೆ. ಪೆನ್ಸಿಲ್ವೇನಿಯದಲ್ಲಿ ಬೇಸಾಯಗಾರನಾಗಿ, ವಸಾಹತು ಸರ್ಕಾರ ಮತ್ತು ಇರೊಕ್ವಾ ಜನರ ನಡುವಿನ ದುಭಾಷಿಯಾಗಿ ಹೆಸರಾದ ಕಾನ್ರಾಡ್ ವೈಸರ್ (1696–1760) ತನ್ನ ಮನೆತನದ ವಿವರಗಳನ್ನು ಆತ್ಮವೃತ್ತಾಂತವಾಗಿ ಬರೆದಿಟ್ಟ. ಅವನ ತಲೆಮಾರಿನ ವಲಸಿಗರಲ್ಲಿ ಇದು ಅಪರೂಪ. ಉತ್ತರ ಮೊದಲೇ ತಿಳಿದಿರುವ ಲೆಕ್ಕದ ಮೇಲೆ ವಿಧಾನವನ್ನು ಒರೆಗೆ ಹಚ್ಚಿದರೆ, ಏನನ್ನೂ ಬರೆದಿಡದೆ ಹೋದ ಮನೆತನಗಳಿಗೆ ಅದನ್ನು ಧೈರ್ಯವಾಗಿ ಬಳಸಬಹುದು.

ಕಾನ್ರಾಡ್ ಹುಟ್ಟಿದ್ದು ಹೆರೆನ್‌ಬರ್ಗ್ ಬಳಿಯ ಆಫ್‌ಷ್ಟೆಟ್ ಎಂಬ ಹಳ್ಳಿಯಲ್ಲಿ; ದೀಕ್ಷಾಸ್ನಾನವಾದದ್ದು ಪಕ್ಕದ ಕುಪ್ಪಿಂಗನ್‌ನಲ್ಲಿ. ಆದರೆ ಈ ಎರಡೂ ಅವನ ಪೂರ್ವಿಕರ ಊರುಗಳಲ್ಲ. ತಂದೆ ಯೋಹಾನ್ ಕಾನ್ರಾಡ್ ವ್ಯೂರ್ಟೆಂಬರ್ಗ್‌ನ ಕುದುರೆ ಪಡೆಯಲ್ಲಿದ್ದ, ಪಡೆ ಬೀಡುಬಿಟ್ಟಿದ್ದ ಸೀಮೆಯಲ್ಲಿ ಮಗ ಹುಟ್ಟಿದ, ಅಷ್ಟೆ. ಮನೆತನದ ನೆಲೆ ಬಾಕ್‌ನಾಂಗ್ ಆಡಳಿತಕ್ಕೆ ಸೇರಿದ ಗ್ರೋಸ್‌ಆಸ್ಪಾಖ್. ಕಾನ್ರಾಡನ ಮುತ್ತಜ್ಜ ಯಾಕೋಬ್ ಅಲ್ಲಿ ಷುಲ್ಟ್‌ಹೈಸ್ ಆಗಿದ್ದ, ಅಂದರೆ ನಮ್ಮ ಪಟೇಲಿಕೆಗೆ ಹತ್ತಿರವಾದ ಹುದ್ದೆಯಲ್ಲಿದ್ದ. ವೃತ್ತಾಂತವೊಂದು ಇರದಿದ್ದರೆ, ಜನ್ಮದಾಖಲೆ ಸಿಕ್ಕ ಸಂಭ್ರಮದಲ್ಲಿ ಶೋಧಕ ಆಫ್‌ಷ್ಟೆಟ್‌ನಲ್ಲೇ ನಿಂತು ಅಜ್ಜನನ್ನು ಹುಡುಕುತ್ತಿದ್ದ. ಜನ್ಮಸ್ಥಳವನ್ನು ಮೂಲಸ್ಥಳವೆಂದು ಹಿಡಿಯುವ ಈ ತಪ್ಪು ಸೈನಿಕ, ಕುರುಬ, ಗಿರಣಿಗಾರ ಮನೆತನಗಳ ವಿಷಯದಲ್ಲಿ ಸುಲಭವಾಗಿ ಆಗಿಬಿಡುತ್ತದೆ.

1709ರ ವಲಸೆಯ ಕಾರಣಗಳು ಚದುರಿದ್ದರೂ ಬೇಸಾಯಕ್ಕೆ ಬಿದ್ದ ಪೆಟ್ಟು ಸ್ಪಷ್ಟವಾಗಿದೆ. 1707ರಲ್ಲಿ ಫ್ರೆಂಚ್ ಸೇನಾಪತಿ ವಿಲಾರ್ ವ್ಯೂರ್ಟೆಂಬರ್ಗ್‌ಗೆ ನುಗ್ಗಿದ. 1708–09ರ ಚಳಿಗಾಲ ಯೂರೋಪಿನ ನೆನಪಿನಲ್ಲೇ ಅತಿ ಕಠಿಣವಾದವುಗಳಲ್ಲಿ ಒಂದು. ದ್ರಾಕ್ಷಿ ಬಳ್ಳಿಗಳು ಬುಡದವರೆಗೆ ಸತ್ತವು. ಇವುಗಳ ಕೆಳಗೆ ನಿಧಾನವಾಗಿ ಕೆಲಸ ಮಾಡುತ್ತಿದ್ದ ಇನ್ನೊಂದು ಕಾರಣವಿತ್ತು. ವ್ಯೂರ್ಟೆಂಬರ್ಗ್‌ನಲ್ಲಿ ಗಂಡು, ಹೆಣ್ಣು ಎನ್ನದೆ ಎಲ್ಲ ಮಕ್ಕಳಿಗೂ ಜಮೀನಿನಲ್ಲಿ ಪಾಲು. ತಲೆಮಾರು ಕಳೆದಂತೆ ಹೊಲಗಳು ತುಂಡಾಗಿ, ಹೋರಾಡಿ ಗೆಯ್ದರೂ ಸಂಸಾರ ಸಾಗದ ಸ್ಥಿತಿ ಬಂತು. ವಾಯವ್ಯ ಜರ್ಮನಿಯ ವೆಸ್ಟ್‌ಫಾಲಿಯದಲ್ಲಿ ಪದ್ಧತಿ ಬೇರೆ ಇತ್ತು: ಒಬ್ಬನೇ ವಾರಸುದಾರ, ಹೊಲ ಅಖಂಡ. ಅಲ್ಲಿ ಹೊಲಮನೆಗೇ ಹೆಸರಿರುತ್ತಿತ್ತು. ಮನೆ ಅಳಿಯನಾಗಿ ಬಂದವನು ತನ್ನ ಹೆಸರು ಬಿಟ್ಟು ಆ ಹೆಸರನ್ನು ಹೊರುತ್ತಿದ್ದ. ಹೀಗಾಗಿ ತಂದೆಯ ಹೆಸರನ್ನು ಕುರುಡಾಗಿ ಹಿಂಬಾಲಿಸುವ ವಂಶಾವಳಿಕಾರ ಅಲ್ಲಿ ದಾರಿ ತಪ್ಪುವುದು ಬಹುಮಟ್ಟಿಗೆ ಖಚಿತ.

ಸಮಪಾಲಿನ ಪದ್ಧತಿ ಒಕ್ಕಲಿಗನನ್ನು ಬಡವನನ್ನಾಗಿ ಮಾಡಿದರೂ ಇತಿಹಾಸಕಾರನಿಗೆ ದೊಡ್ಡ ಉಪಕಾರ ಮಾಡಿದೆ. ಹಂಚಬೇಕಾದರೆ ಪಟ್ಟಿ ಮಾಡಬೇಕು. ವ್ಯೂರ್ಟೆಂಬರ್ಗ್‌ನಲ್ಲಿ 16ನೇ ಶತಮಾನದಿಂದಲೇ ಮದುವೆಯಾದಾಗ ವಧೂವರರು ತಂದ ಆಸ್ತಿಯ ಮಹಜರು, ಸತ್ತಾಗ ಪಾಲುಪಟ್ಟಿ ಬರೆಯುವ ಕ್ರಮವಿತ್ತು. ಹೊಲದ ತುಂಡು, ಹಾಸಿಗೆ, ಪಾತ್ರೆ, ಸಾಲದ ಜೊತೆಗೆ ಪಾಲಿಗೆ ಹಕ್ಕುಳ್ಳ ಮಕ್ಕಳನ್ನೂ ಈ ಪಟ್ಟಿಗಳು ನಮೂದಿಸುತ್ತವೆ, ಪರದೇಶಕ್ಕೆ ಹೋದ ಮಗ ಸೇರಿ. ಚರ್ಚ್ ಪುಸ್ತಕ ಅವನನ್ನು ಮರೆತರೂ ಆಸ್ತಿಯ ಕಾಗದ ಮರೆಯುವುದಿಲ್ಲ. ಬ್ರಾಕನ್‌ಹೈಮ್‌ನಲ್ಲಿ 1811ರಲ್ಲಿ ಹುಟ್ಟಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಇದೇ ವ್ಯೂರ್ಟೆಂಬರ್ಗ್‌ನವರು. ಆ ಮಿಷನ್ನಿನವರ ಮನೆತನಗಳನ್ನು ಕುರಿತು ಕೆಲಸ ಮಾಡುವ ಕನ್ನಡ ಸಂಶೋಧಕರಿಗೂ ಈ ಬಗೆಯ ಕಾಗದಗಳು ಒದಗಬಲ್ಲವು.

ಈಗ ವೈಸರ್ ಮನೆತನದ ಹೊರಡುವಿಕೆಯನ್ನು ನೋಡೋಣ. 1709ರ ಮೇ ಕೊನೆಯ ದಿನ ತಾಯಿ ಆನ್ನಾ ಮಗ್ದಲೇನ ಹದಿನಾರನೆಯ ಗರ್ಭದಲ್ಲಿ ತೀರಿಕೊಂಡಳು. ಜೂನ್ 24ರಂದು ತಂದೆ ಎಂಟು ಮಕ್ಕಳೊಂದಿಗೆ ಹೊರಟ. ಹಿರಿಯ ಮಗಳು ಕತ್ರೀನ ಗಂಡ ಮಕ್ಕಳೊಂದಿಗೆ ಊರಲ್ಲೇ ಉಳಿದಳು. ಮನೆ, ಹೊಲ, ಹುಲ್ಲುಗಾವಲು, ದ್ರಾಕ್ಷಿ ತೋಟಗಳನ್ನು ತಂದೆ ಮಗಳು ಅಳಿಯನಿಗೇ ಮಾರಿದ್ದ. ಅವರಿಗೆ ಕೊಡಲು ಸಾಧ್ಯವಾದದ್ದು 75 ಗುಲ್ಡನ್. ಉಳಿದ 600 ಗುಲ್ಡನ್ ಎಂದೂ ಬರಲಿಲ್ಲ, ಕೊನೆಗೆ ಅದನ್ನು ಉಡುಗೊರೆಯೆಂದು ಬಿಟ್ಟುಕೊಟ್ಟರು. ಈ ಒಂದು ವ್ಯವಹಾರ ನನಗೆ ವೃತ್ತಾಂತದ ಅತ್ಯಂತ ಬೆಲೆಯುಳ್ಳ ಭಾಗವಾಗಿ ಕಾಣುತ್ತದೆ. ಕ್ರಯ, ಬಾಕಿ, ವಾರಸುದಾರಿಕೆ ಮೂರೂ ಮೂಲದೂರಿನಲ್ಲಿ ಕಾಗದವನ್ನು ಹುಟ್ಟಿಸುವ ಸಂಗತಿಗಳು. ಹೋದವರು ಎಂಟು ಮಕ್ಕಳಾದರೂ ಮನೆತನವನ್ನು ಊರಿನೊಡನೆ ಕಾಗದದಲ್ಲಿ ಕಟ್ಟಿಹಾಕಿದವಳು ಉಳಿದ ಒಬ್ಬ ಮಗಳು.

ವೃತ್ತಾಂತವನ್ನು ಹಾಗೆಯೇ ನಂಬಲೂ ಆಗದು. ಹತ್ತು ಹಡಗುಗಳಲ್ಲಿ ಸುಮಾರು 4,000 ಜನ ನ್ಯೂಯಾರ್ಕಿಗೆ ಹೊರಟರೆಂದು ಕಾನ್ರಾಡ್ ಬರೆಯುತ್ತಾನೆ; ಇತಿಹಾಸಕಾರರ ಅಂದಾಜು 2,800ರಿಂದ 3,000. ಆಗ ಅವನು ಹದಿಮೂರು ವರ್ಷದ ಹುಡುಗ. ಸಂಖ್ಯೆಯಲ್ಲಿ ತಪ್ಪಿದ ಅವನು ತನ್ನ ಮನೆಯ ಸಾವು, ಸಾಲಗಳಲ್ಲಿ ನಿಖರನಾಗಿರಬಹುದು. ಎರಡನ್ನೂ ಬೇರೆಬೇರೆಯಾಗಿ ತೂಗಬೇಕು. ದಿನಾಂಕಗಳಲ್ಲಿ ಇನ್ನೊಂದು ತೊಡಕಿದೆ. ಪ್ರೊಟೆಸ್ಟೆಂಟ್ ಜರ್ಮನ್ ಸೀಮೆಗಳು 1700ರಲ್ಲಿ ಹೊಸ ಪಂಚಾಂಗಕ್ಕೆ ಬದಲಾದವು, ಇಂಗ್ಲೆಂಡ್ ಮತ್ತು ಅದರ ವಸಾಹತುಗಳು 1752ರಲ್ಲಿ. ನಡುವಿನ ಅವಧಿಯ ಎರಡು ದಡದ ದಾಖಲೆಗಳಲ್ಲಿ 11 ದಿನಗಳ ಅಂತರವಿರುತ್ತದೆ.

ವೈಸರ್ ಕುಟುಂಬವೂ ಸೇರಿದಂತೆ ಲಂಡನ್‌ನಲ್ಲಿ 1709ರಲ್ಲಿ ನೆರೆದ ಸುಮಾರು 13,000 ಜರ್ಮನರನ್ನು ಒಟ್ಟಾಗಿ ಪ್ಯಾಲಟೈನರು (ಪ್ಯಾಲಟಿನೇಟ್ ಸೀಮೆಯವರು) ಎಂದು ಕರೆದರು. ಹೆಸ್ಸೆ, ನಸ್ಸಾವ್, ವ್ಯೂರ್ಟೆಂಬರ್ಗ್‌ನವರೂ ಆ ಗುಂಪಿನಲ್ಲಿದ್ದರು. ಫಿಲಿಪ್ ಓಟರ್ನೆಸ್ 2004ರ ತಮ್ಮ ಅಧ್ಯಯನದಲ್ಲಿ ತೋರಿಸಿದಂತೆ, ಆ ಗುರುತು ಅವರಿಗೆ ಅಂಟಿದ್ದು ದಾರಿಯಲ್ಲಿ. ಲಂಡನ್ನಿನ ಪಟ್ಟಿಗಳು ವಯಸ್ಸು, ಕಸುಬು, ಪಂಥ, ಮಕ್ಕಳ ವಯಸ್ಸುಗಳನ್ನು ಹೇಳುತ್ತವೆ, ಊರನ್ನು ಹೇಳುವುದಿಲ್ಲ. ನ್ಯೂಯಾರ್ಕಿನಲ್ಲಿ ಗವರ್ನರ್ ರಾಬರ್ಟ್ ಹಂಟರ್ ಇಡಿಸಿದ ಪಡಿತರದ ಲೆಕ್ಕಗಳಲ್ಲೂ ಊರಿಲ್ಲ. ಪಾದ್ರಿ ಕೋಖರ್ಟಾಲ್ ಬರೆದ ಮದುವೆ ದಾಖಲೆಗಳಲ್ಲಿ ಮಾತ್ರ ಅಲ್ಲಲ್ಲಿ ಊರ ಹೆಸರು ಸಿಗುತ್ತದೆ. ವಲಸಿಗರಿಂದ ಡಾಂಬರು ತಯಾರಿಸುವ ಕೆಲಸ ಮಾಡಿಸುವ ಹಂಟರನ ಯೋಜನೆ ಕುಸಿದು 1712ರಲ್ಲಿ ಪಡಿತರ ನಿಂತಾಗ ಜನ ಚದುರಿದರು, ಕೆಲವರು ಸ್ಕೊಹಾರಿ ಕಣಿವೆಗೆ ಹೋದರು.

ಮೂಲದೂರಿನ ಬಗ್ಗೆ ದಾಖಲೆಗಳ ಈ ಮೌನವನ್ನು ಮುರಿದವರು ಹೆನ್ರಿ ಝಡ್. ಜೋನ್ಸ್. 1985ರಲ್ಲಿ ಪ್ರಕಟವಾದ ಅವರ ಗ್ರಂಥ ನ್ಯೂಯಾರ್ಕಿಗೆ ಬಂದ 847 ಕುಟುಂಬಗಳನ್ನು ಪರಿಶೀಲಿಸಿ ಅವುಗಳಲ್ಲಿ 500ಕ್ಕೂ ಹೆಚ್ಚಿನವುಗಳ ಮೂಲದೂರನ್ನು ಗುರುತಿಸಿತು. ಪಟ್ಟಿಗಳಲ್ಲಿ ಒಟ್ಟೊಟ್ಟಿಗೆ ಕಾಣುವ, ಒಬ್ಬರ ಮಗುವಿನ ದೀಕ್ಷಾಸ್ನಾನಕ್ಕೆ ಇನ್ನೊಬ್ಬರು ಸಾಕ್ಷಿ ನಿಂತ ಕುಟುಂಬಗಳು ಮೂಲದಲ್ಲೂ ಅಕ್ಕಪಕ್ಕದ ಹಳ್ಳಿಗಳವಾಗಿರುತ್ತವೆ ಎಂಬುದನ್ನು ಅವರು ಬಳಸಿಕೊಂಡರು. ಒಬ್ಬ ನೆರೆಯವನ ಊರು ಗೊತ್ತಾದರೆ ಸುತ್ತಲಿನ ಹಳ್ಳಿಗಳ ಪುಸ್ತಕಗಳನ್ನು ಒಂದೊಂದಾಗಿ ತಿರುವಿದರು. ಒಂಟಿ ಹೆಸರಿನ ಹೊಂದಿಕೆ ಇಲ್ಲಿ ಏನನ್ನೂ ಸಾಬೀತು ಮಾಡದು. ಅಣ್ಣತಮ್ಮಂದಿರೆಲ್ಲರ ಮೊದಲ ಹೆಸರೂ ಯೋಹಾನ್ ಆಗಿರುವುದು ಆಗ ಸಾಮಾನ್ಯವಾಗಿತ್ತು, ಕರೆಯುತ್ತಿದ್ದದ್ದು ಎರಡನೆಯ ಹೆಸರಿನಿಂದ. ಗಂಡ, ಹೆಂಡತಿ, ಮಕ್ಕಳ ಹೆಸರುಗಳು ಅದೇ ಕ್ರಮದಲ್ಲಿ ಕೂಡಿಬಂದು, 1709ರ ಬಳಿಕ ಊರಿನ ಪುಸ್ತಕದಲ್ಲಿ ಅವರ ಸುಳಿವು ನಿಂತಿರಬೇಕು. ವಲಸೆ ಹೋಗಿ ಹಿಂದಿರುಗಿದ ಉಲ್ರಿಖ್ ಸಿಮೆಂಡಿಂಗರ್ ರಾಯ್ಟ್‌ಲಿಂಗನ್‌ನಲ್ಲಿ ಸುಮಾರು 1717ರಲ್ಲಿ ಅಚ್ಚು ಹಾಕಿಸಿದ ಕುಟುಂಬಗಳ ಪಟ್ಟಿ ಈ ಕೆಲಸಕ್ಕೆ ಒಳ್ಳೆಯ ಊರುಗೋಲು.

ಪೆನ್ಸಿಲ್ವೇನಿಯದ ಕಡೆಯಿಂದ ಹೊರಡುವವರಿಗೆ ಮತ್ತೊಂದು ಬಲೆ ಇದೆ. ಅಲ್ಲಿ ಬಂದಿಳಿದ ಜರ್ಮನರ ನಿಷ್ಠೆಯ ಪ್ರಮಾಣದ ಪಟ್ಟಿಗಳು 1727ರಿಂದ ಆರಂಭವಾಗುತ್ತವೆ. 1729ರಲ್ಲಿ ಟಲ್ಪಹಾಕನ್‌ನಲ್ಲಿ ನೆಲೆಸಿದ ಕಾನ್ರಾಡನನ್ನು ಅವುಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಅವನು ಹಡಗಿನಿಂದ ಫಿಲಡೆಲ್ಫಿಯಕ್ಕೆ ಇಳಿದವನಲ್ಲ. ಸ್ಕೊಹಾರಿಯಲ್ಲಿ ಭೂಮಿಯ ಹಕ್ಕುಪತ್ರ ಆಲ್ಬನಿಯ ಪಾಲುದಾರರ ಕೈಸೇರಿದ್ದರಿಂದ, ಗೆಯ್ದ ನೆಲ ಕಳೆದುಕೊಂಡ ಕುಟುಂಬಗಳು 1723ರಿಂದ ಸಸ್ಕ್ವೆಹ್ಯಾನ ನದಿಯ ದಾರಿ ಹಿಡಿದು ದಕ್ಷಿಣಕ್ಕೆ ಬಂದವು. ಅವನೂ ಆ ಜನರ ಬೆನ್ನಿಗೇ ಬಂದವನು. ತಮ್ಮಂದಿರಾದ ಗೇಯೋರ್ಗ್ ಫ್ರೀಡ್ರಿಖ್ ಮತ್ತು ಕ್ರಿಸ್ಟೋಫ್‌ರನ್ನು ಗವರ್ನರ್ ಹಂಟರ್ ಅದಕ್ಕೂ ಮೊದಲೇ ಲಾಂಗ್ ಐಲ್ಯಾಂಡಿನ ಮನೆಗಳಿಗೆ ದುಡಿಮೆಗೆ ಒಪ್ಪಿಸಿದ್ದ. ಇಂಥ ಮಕ್ಕಳ ಪಟ್ಟಿಗಳು ಉಳಿದಿವೆ. ಅವನ್ನು ಬಿಟ್ಟು ಬರೆದ ವಂಶಾವಳಿ ಹಿರಿಮಗನ ವಂಶಾವಳಿ ಮಾತ್ರ.

ಹೆಣ್ಣು ಮಕ್ಕಳ ಕವಲುಗಳ ಮಾತೂ ಹೀಗೆಯೇ. ಕಾನ್ರಾಡನ ಹದಿನಾಲ್ಕು ಮಕ್ಕಳಲ್ಲಿ ದೊಡ್ಡವರಾದದ್ದು ಏಳು. ಅವರಲ್ಲಿ ಮರಿಯ 1745ರಲ್ಲಿ ಪಾದ್ರಿ ಹೆನ್ರಿ ಮೆಲ್ಕಿಯರ್ ಮೂಲನ್‌ಬರ್ಗ್‌ರನ್ನು ಮದುವೆಯಾದಳು. 1789ರಲ್ಲಿ ಅಮೆರಿಕದ ಪ್ರತಿನಿಧಿ ಸಭೆಯ ಮೊದಲ ಸ್ಪೀಕರ್ ಆದ ಫ್ರೆಡರಿಕ್ ಅಗಸ್ಟಸ್ ಕಾನ್ರಾಡ್ ಮೂಲನ್‌ಬರ್ಗ್ ಅವಳ ಮಗ. ತಾತನ ಹೆಸರು ಅವನ ಮೂರನೆಯ ಹೆಸರಾಗಿ ಉಳಿದಿದೆ. ಕಾನ್ರಾಡನ ತಾಯಿಯ ತವರು ಊಬೆಲೆ ಮನೆತನ. ಅದನ್ನೂ, ಗ್ರೋಸ್‌ಆಸ್ಪಾಖ್‌ನಲ್ಲಿ ಉಳಿದ ಕತ್ರೀನಳ ಸಂತತಿಯನ್ನೂ ಪಾಲುಪಟ್ಟಿಗಳ ಮೂಲಕ ಹಿಂದಕ್ಕೂ ಮುಂದಕ್ಕೂ ಅನುಸರಿಸುವ ಕೆಲಸವನ್ನು, ಗಂಡು ಸಾಲಿಗೆ ಕೊಟ್ಟಷ್ಟೇ ಗಮನ ಕೊಟ್ಟು ಕೈಗೊಳ್ಳಬೇಕಿದೆ.