ನನಗಿಂತ ಚಿಕ್ಕ ರೈಲು ನಿಲ್ದಾಣ

ಸಕಲೇಶಪುರದ ರೈಲು ನಿಲ್ದಾಣ ಬ್ರಿಟಿಷರ ಕಾಲದ್ದೇ ಇರಬೇಕೆಂದು ಹೊರಗಿನಿಂದ ಬಂದವರು ಅಂದುಕೊಳ್ಳುತ್ತಾರೆ. ಅದರಲ್ಲಿ ಅವರ ತಪ್ಪೇನಿಲ್ಲ. ದೊರೆಗಳ ಕಾಲದ ಕಾಫಿ ತೋಟಗಳು, ಟಿಪ್ಪು 1792ರ ಹೊತ್ತಿಗೆ ಕಟ್ಟಿಸಿ ಮುಗಿಸಿದ ಮಂಜರಾಬಾದ್ ಕೋಟೆ, ಎಲ್ಲವೂ ಹಳೆಯವೇ. ಆದರೆ ಇಲ್ಲಿಂದ ರೈಲು ಘಟ್ಟ ಇಳಿದು ಮಂಗಳೂರು ತಲುಪಿದ್ದು 1979ರಲ್ಲಿ. ನಮ್ಮೂರ ನಿಲ್ದಾಣಕ್ಕಿಂತ ನಾನೇ ದೊಡ್ಡವಳು!

ಹಾಸನ ಸ್ವಾತಂತ್ರ್ಯಕ್ಕೆ ಮೊದಲೇ ರೈಲು ಕಂಡ ಊರು. ಅರಸೀಕೆರೆ, ಮೈಸೂರುಗಳಿಗೆ ಅಲ್ಲಿಂದ ಹಳಿ ಇತ್ತು. ಅಲ್ಲಿಗೆ ಸುಮಾರು 40 ಕಿಲೋಮೀಟರ್ ದೂರದ ನಾವು ಮಾತ್ರ ಕಾಯುತ್ತಲೇ ಇದ್ದೆವು. ಕಾಫಿ ಮೂಟೆಗಳು ಮೊದಲು ಗಾಡಿಯಲ್ಲಿ, ಆಮೇಲೆ ಲಾರಿಯಲ್ಲಿ ಘಟ್ಟ ಇಳಿದವು. ಹಾಸನ–ಮಂಗಳೂರು ಮಾರ್ಗದ ಕೆಲಸ ಶುರುವಾದದ್ದು 1960ರ ದಶಕದಲ್ಲಿ. ಆಲೂರು, ಬಾಳ್ಳುಪೇಟೆ ದಾಟಿ ಸಕಲೇಶಪುರದವರೆಗೆ ಹಳಿ ಹಾಕುವುದು ಅಂಥ ಕಷ್ಟವಲ್ಲ. ಮುಂದಿನ 55 ಕಿಲೋಮೀಟರೇ ಕಷ್ಟದ್ದು. ಸುಬ್ರಹ್ಮಣ್ಯ ರೋಡ್ ಸೇರುವಷ್ಟರಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಐವತ್ತು ಅಡಿ ಮುಂದೆ ಹೋದರೆ ಒಂದಡಿ ಕೆಳಗೆ ಇಳಿಯುವ ಜಾರು. ಹಾಗಾಗಿಯೇ ಘಟ್ಟದ ನೆತ್ತಿಯ ನಮ್ಮ ನಿಲ್ದಾಣಕ್ಕೆ ಒಂದು ತೂಕ ಬಂತು.

ಈ ಹಳಿ ಹಾಕುವಾಗ ದೊಡ್ಡವರ ಕಣ್ಣು ಮಂಗಳೂರಿನ ಹೊಸ ಬಂದರಿನ ಮೇಲಿತ್ತು. ನಮಗೆ ಸಿಕ್ಕಿದ್ದು ತವರಿನ ದಾರಿ. ನನ್ನ ತವರು ಪುತ್ತೂರಿನ ಕಡೆ. ಶಿರಾಡಿಯ ತಿರುವುಗಳಲ್ಲಿ ಕಂಕುಳಲ್ಲೊಂದು ಕೂಸು, ಕೈಯಲ್ಲೊಂದು ನಿಂಬೆಹಣ್ಣು ಹಿಡಿದು ಬಸ್ಸಿನಲ್ಲಿ ವಾಂತಿ ತಡೆದುಕೊಂಡು ಕೂತವರಿಗೇ ಗೊತ್ತು ಆ ಪಾಡು. ರೈಲಿನಲ್ಲಿ ಕಾಲು ಚಾಚಬಹುದು, ಬುತ್ತಿ ಬಿಚ್ಚಬಹುದು. ಎಲ್ಲಕ್ಕಿಂತ ಮುಖ್ಯ, ಪಾಯಿಖಾನೆ ಇದೆ. ಗಂಡಸರು ಬರೆಯುವ ರೈಲ್ವೆ ಚರಿತ್ರೆಯಲ್ಲಿ ಇದನ್ನು ನಾನು ಓದಿಲ್ಲ.

ಈ ಸುಖ ಹದಿನೈದು ಹದಿನಾರು ವರ್ಷವಷ್ಟೇ. 1990ರ ದಶಕದ ನಡುವಿನಲ್ಲಿ ಮೀಟರ್ ಗೇಜನ್ನು ಬ್ರಾಡ್ ಗೇಜ್ ಮಾಡಲೆಂದು ರೈಲು ನಿಂತಿತು. ಮತ್ತೆ ಬಸ್ಸೇ ಗತಿ. ಅಮ್ಮನಿಗೆ ಆ ಹೊತ್ತಿಗೆ ಮಂಡಿನೋವು, ಬಸ್ಸಿನ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ವರ್ಷಕ್ಕೆ ಮೂರು ಸಲ ಬಂದು ಮೊಮ್ಮಕ್ಕಳನ್ನು ನೋಡಿಕೊಂಡು ಹೋಗುತ್ತಿದ್ದವರು ಬರುವುದನ್ನೇ ಬಿಟ್ಟರು. ಹೊಸ ಹಳಿಯ ಮೇಲೆ ಗೂಡ್ಸ್ ಗಾಡಿಗಳು 2006ರ ಮೇ ತಿಂಗಳಲ್ಲಿ ಓಡಿದವು. ಜನರನ್ನು ಹೊತ್ತ ರೈಲು ಬಂದದ್ದು 2007ರ ಡಿಸೆಂಬರಿನಲ್ಲಿ. ಅಮ್ಮ ಅಷ್ಟು ದಿನ ಉಳಿಯಲಿಲ್ಲ.

2018ರ ಆಗಸ್ಟಿನ ಮಳೆಯಲ್ಲಿ ಗುಡ್ಡ ಜರಿದು ಈ ದಾರಿ ಮತ್ತೆ ಮುಚ್ಚಿತು. ಇಂಥ ಸುದ್ದಿ ಬಂದಾಗಲೆಲ್ಲ ಸರಕು ನಿಂತ ಲೆಕ್ಕವನ್ನು ಹೇಳುವವರಿದ್ದಾರೆ. ಬಾಣಂತನಕ್ಕೆಂದು ತವರಿಗೆ ಹೊರಟ ಹುಡುಗಿ ಹೇಗೆ ಹೋದಳೋ, ಅದನ್ನು ಕೇಳಬೇಕೆನಿಸುತ್ತದೆ ನನಗೆ.